ಊದಿದರೆ ತೆರೆಯುವ ಬಾಗಿಲು

ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಬೇಗ ಖಾಲಿಯಾಯಿತು. ಮಧ್ಯಾಹ್ನವೇ ಗಾಡಿ ಮುಚ್ಚಿ ಮನೆಗೆ ಬಂದರೆ ಪಂಪಕ್ಕ ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ತುಂಬಿದ ಕೊಡ. ಬಿಸಿಲು ನೆತ್ತಿಗೆ ಬಂದು ಜಗಲಿಯ ಕಲ್ಲು ಕಾದ ಹಂಚಾಗಿತ್ತು.

"ಇಲ್ಯಾಕ ಕುಂತಿ ಅಕ್ಕಾ?" ಅಂದೆ.

"ಗಾಳಿಗೆ ಕುಂತೀನಿ," ಅಂದಳು.

ಬೇವಿನ ಮರದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ನಾನು ಬಾಗಿಲ ಕಂಡಿಗೆ ಬಾಯಿಟ್ಟು ಊದಿದೆ. ಬಾಗಿಲು ತೆರೆಯಿತು. ನನಗಿಂತ ಮೊದಲು ಅವಳೇ ಕೊಡ ಎತ್ತಿಕೊಂಡು ಒಳಗೆ ನುಗ್ಗಿದಳು. ಕಂಡಿಯ ಸುತ್ತ ಮರ ಒದ್ದೆಯಾಗಿತ್ತು. ಎಷ್ಟು ಸಲ ಊದಿದ್ದಳೋ, ಪಾಪ. ಸೆರಗಿನಿಂದ ಅದನ್ನು ಒರೆಸಿ ನಾನೂ ಒಳಗೆ ಹೋದೆ.

ಪಂಪಕ್ಕ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣ ಕೊಟ್ರೇಶಿ ಭಾವನ ಹೆಂಡತಿ. ವಾರಗಿತ್ತಿಯರು ಅಂದರೆ ಹಾವು ಮುಂಗುಸಿ ಅಂತ ಜನ ತಿಳಿದಿರುತ್ತಾರೆ. ನಾವೂ ಜಗಳ ಆಡಿದ್ದೇವೆ, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಸೊಸೆಯಾಗಿ ಬಂದು ಈ ಮನೆಯ ಬಾಗಿಲಿಗೆ ಮೊದಲ ಸಲ ಊದುವಾಗ, ಊರೆಲ್ಲ ನಿಂತು ನೋಡುತ್ತಿದ್ದಾಗ, ಹಿಂದಿನಿಂದ ಬೆನ್ನು ಸವರಿ "ಹೊಟ್ಟಿಯಿಂದ ಊದು ತಂಗಿ, ಗಂಟಲಿಂದ ಅಲ್ಲ" ಅಂತ ಪಿಸುಗುಟ್ಟಿದವಳು ಅವಳೇ. ನನ್ನ ತವರಿನಲ್ಲಿ ಬಾಗಿಲಿಗೆ ಚಿಲಕ, ಬೀಗ, ಕೀಲಿಕೈ. ಇಲ್ಲಿ ಅದ್ಯಾವುದೂ ಇಲ್ಲ. ಕದದಲ್ಲಿ ಬಾಯಿಯ ಎತ್ತರಕ್ಕೆ ಒಂದು ಕಂಡಿ ಇರುತ್ತದೆ. ಆ ಮನೆಯವರು ಊದಿದರೆ ತೆರೆಯುತ್ತದೆ. ಬೇರೆಯವರು ಕೆನ್ನೆ ಒಡೆಯುವಂತೆ ಊದಿದರೂ ಜಪ್ಪಯ್ಯ ಅನ್ನುವುದಿಲ್ಲ. ಹೊರಗಿನಿಂದ ಬರುವಾಗಲೂ ಊದಬೇಕು, ಒಳಗಿನಿಂದ ಹೋಗುವಾಗಲೂ ಊದಬೇಕು. ಹಿಂದೆಯೇ ಕದ ತಾನಾಗಿ ಮುಚ್ಚಿಕೊಳ್ಳುತ್ತದೆ. ಮಕ್ಕಳು ಮೊದಲ ಸಲ ಬಾಗಿಲು ತೆರೆದ ದಿನ ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ. ಕುಡಿದು ಬಂದ ಗಂಡಸಿಗೂ ಬಾಗಿಲು ತೆರೆಯುತ್ತದೆ, ಉಸಿರು ಉಸಿರೇ ಅಲ್ಲವೆ. ಅದಕ್ಕಾಗಿ ಎಷ್ಟೋ ಹೆಂಗಸರು ಬಾಗಿಲ ಮುಂದೆ ನಿಂತು ಅದನ್ನೇ ಬೈಯುವುದನ್ನು ನಾನೇ ಕೇಳಿದ್ದೇನೆ.

ಕಿಟಕಿ ಮಾತ್ರ ನಮ್ಮೂರಲ್ಲಿ ಇಲ್ಲ. ಗೋಡೆಗೆ ಇನ್ನೊಂದು ತೂತು ಬಿದ್ದರೆ ಬಾಗಿಲು ಸತ್ತುಹೋಗುತ್ತದೆ. ಆಮೇಲೆ ಊದಿದರೂ ಒಂದೇ, ಬಿಟ್ಟರೂ ಒಂದೇ. ಇಲಿ ಬಿಲ ತೋಡಿದರೂ ಓಡಿಹೋಗಿ ಸಿಮೆಂಟು ಮೆತ್ತುತ್ತಾರೆ. ಬೆಳಕಿಗೆ ಮಾಳಿಗೆಯಲ್ಲಿ ಒಂದು ಗಾಜು ಕೂರಿಸಿರುತ್ತಾರೆ, ಅಷ್ಟೇ. ಹಾಗಾದರೆ ಅಡುಗೆಮನೆಯ ಹೊಗೆ ಎಲ್ಲಿಗೆ ಹೋಗಬೇಕು? ಎಲ್ಲಿಗೂ ಹೋಗುವುದಿಲ್ಲ, ನಮ್ಮ ಜೊತೆಯೇ ಸಂಸಾರ ಮಾಡಿಕೊಂಡಿರುತ್ತದೆ. ಹೊಸದರಲ್ಲಿ ಕಣ್ಣು ಒರೆಸಿಕೊಂಡು "ಒಂದು ಕಿಟಕಿ ಇದ್ದಿದ್ರ" ಅಂದದ್ದಕ್ಕೆ ಅತ್ತೆ ನನಗೆ "ಚಿಲಕದ ಊರಾಕಿ" ಅಂತ ಹೆಸರಿಟ್ಟರು. ಇವತ್ತಿಗೂ ಹಾಗೇ ಕರೆಯುತ್ತಾರೆ. ನಾನು ಮಂಡಕ್ಕಿ ಗಾಡಿಯ ನೆಪ ಮಾಡಿಕೊಂಡು ಬಯಲಿಗೆ ಬಿದ್ದೆ. ಪಂಪಕ್ಕ ಒಲೆಯ ಮುಂದೆ ಉಳಿದಳು. ಗ್ಯಾಸ್ ಸಿಲಿಂಡರೂ ಮನೆಗೆ ಬಂದಿದೆ. ಅತ್ತೆಯ ಹಳೆಯ ಸೀರೆ ಹೊದ್ದುಕೊಂಡು ಮೂಲೆಯಲ್ಲಿ ಕೂತಿದೆ. ಒಲೆ ಊದದ ಹೆಂಗಸಿನ ಉಸಿರು ಮೆತ್ತಗಾಗುತ್ತದೆ ಅಂತ ಅವರ ನಂಬಿಕೆ. ಅವರದೊಂದೇ ಅಲ್ಲ, ಊರಿನದೇ ನಂಬಿಕೆ.

ಉಸಿರು ಸಾಲದೆ ಬಾಗಿಲು ತೆರೆಯದಿದ್ದರೆ ಊರು ಮಾತಾಡುತ್ತದೆ. ಗಂಡಸಾದರೆ ಪರವಾಗಿಲ್ಲ. ಇಲ್ಲಿ ಬೀದಿಗೊಂದು ಮಂಡಕ್ಕಿ ಭಟ್ಟಿ. ಅಲ್ಲಿ ಹೊಟ್ಟು ಉರಿಸುವ ಗಂಡಸರು ಮಕ್ಕಳ ಕೈಯಲ್ಲಿ ಬಾಗಿಲು ತೆರೆಸಿಕೊಳ್ಳುವುದು ಮಾಮೂಲು. ದುಡಿದ ಜೀವ, ಜೊತೆಗೆ ಬೀಡಿ ಚಟ, ಪಾಪ ಅನ್ನುತ್ತಾರೆ. ಹೆಂಗಸಿಗೆ ತೆರೆಯದಿದ್ದರೆ ಮಾತೇ ಬೇರೆ. ಬೀಡಿ ಸೇದದವಳ ಉಸಿರು ಯಾಕೆ ಹೋಗಬೇಕು? ಇವಳು ಮನೆಗೆ ಏನೋ ಎರಡು ಬಗೆದಿದ್ದಾಳೆ, ಅದು ಬಾಗಿಲಿಗೆ ಗೊತ್ತಾಗಿದೆ, ಅದಕ್ಕೇ ಒಲ್ಲೆ ಅಂದಿದೆ ಅನ್ನುತ್ತಾರೆ. ಈ ಮಾತಿಗೆ ಹೆದರಿ ಪಂಪಕ್ಕ ಮುಚ್ಚಿಟ್ಟಳು. ಯಾರಾದರೂ ಬಾಗಿಲು ತೆರೆದಾಗ ಅವರ ಹಿಂದೆಯೇ ಹೊರಬಿದ್ದು ಹೊಸಿಲಿಗೆ ಗುಂಡುಕಲ್ಲು ಅಡ್ಡ ಇಟ್ಟು ಹೋಗುವಳು. ಯಾರಾದರೂ ಅದನ್ನು ತೆಗೆದುಬಿಟ್ಟರೆ ಜಗಲಿಯೇ ಗತಿ. ನಾನೂ ಗಾಡಿಯಿಂದ ನಡುನಡುವೆ ಮನೆಗೆ ಓಡಿ ಬರತೊಡಗಿದೆ. ಒಮ್ಮೆ ಎಣ್ಣೆ ಮರೆತೆ, ಒಮ್ಮೆ ಮೆಣಸಿನಕಾಯಿ ಮರೆತೆ. "ಒಂದಿನ ಗಾಡೀನೇ ಮರೀತಿ ಬಿಡು," ಅಂತ ಅತ್ತೆ ಅಂದರು.

ಹೀಗೆ ನಡೆದುಹೋಗುತ್ತಿತ್ತೇನೋ. ಅಷ್ಟರಲ್ಲಿ ಪಂಪಕ್ಕನ ಮಗಳು ಶಶಿಕಲಾಗೆ ಸಂಬಂಧ ಕೂಡಿ ಬಂತು. ಪೇಟೆ ಬೀದಿಯ ಹಾಲಮ್ಮನವರ ಮಗ, ಮೋಟರ್ ರಿಪೇರಿ ಅಂಗಡಿ ಇಟ್ಟವನು. ಹುಡುಗ ನೋಡಲು ಚೆನ್ನಾಗಿದ್ದ, ಶಶಿಗೂ ಇಷ್ಟವಾಗಿದ್ದ. ಅವರದು ಮನೆ ತುಂಬ ಜನ. ತೊಂದರೆ ಎಲ್ಲಿ ಅಂದರೆ, ಮದುವೆ ಗೊತ್ತುಮಾಡಿ ಹೂ ಮುಡಿಸುವ ದಿನ ಬೀಗರು ಬೀದಿಯಲ್ಲಿ ನಿಂತಿರಬೇಕು, ಹುಡುಗಿಯ ತಾಯಿ ಅವರೆಲ್ಲರ ಎದುರಿಗೆ ಕಂಡಿಗೆ ಊದಿ ಬಾಗಿಲು ತೆರೆದು ಒಳಗೆ ಕರೆಯಬೇಕು. ತಾಯಿಯ ಉಸಿರು ನೋಡಿ ಮಗಳನ್ನು ಒಪ್ಪುವುದು ನಮ್ಮೂರಿನ ಪದ್ಧತಿ. ಬಾಗಿಲು ತೆರೆಯದಿದ್ದರೆ ಬೀಗರು ಬಂದ ದಾರಿಯಲ್ಲೇ ತಿರುಗಿ ಹೋಗುತ್ತಾರೆ, ಆಮೇಲೆ ಆ ಹುಡುಗಿಯನ್ನು ಕೇಳಿಕೊಂಡು ಯಾರೂ ಬರುವುದಿಲ್ಲ.

ಆಗ ಪಂಪಕ್ಕ ಬಾಯಿ ಬಿಟ್ಟಳು. ಭಾವ ಮೊದಲು ಬಡಗಿಯನ್ನು ಕರೆಸಿದ. ಬಡಗಿ ತಿರುಗುಣಿಗೆ ಎಣ್ಣೆ ಬಿಟ್ಟು, ಕಂಡಿಯನ್ನು ಕೆರೆದು, ಬಾಗಿಲಿನಲ್ಲಿ ದೋಷ ಇಲ್ಲ ಅಂತ ಹೇಳಿ ಹೋದ. ಆಮೇಲೆ ಅತ್ತೆಯ ಮದ್ದು ಶುರುವಾಯಿತು. ನಮ್ಮೂರಲ್ಲಿ ಉಸಿರಿಗೆ ಮದ್ದು ಒಂದೇ, ಒಲೆ ಊದುವುದು. ಒಣ ಸೌದೆ ಅಲ್ಲ, ಹಸಿ ಸೌದೆ. ಬೇಗ ಹತ್ತಿಕೊಳ್ಳಬಾರದು, ಊದಿ ಊದಿ ಹತ್ತಿಸಬೇಕು, ಆಗ ಎದೆ ಗಟ್ಟಿಯಾಗುತ್ತದೆ. ಬೆಳಿಗ್ಗೆ ಸಂಜೆ ಪಂಪಕ್ಕನನ್ನು ಊದುಗೊಳವೆ ಕೊಟ್ಟು ಒಲೆಯ ಮುಂದೆ ಕೂರಿಸಿದರು. ಪಕ್ಕದಲ್ಲೇ ಶಶಿ. ಮದುವೆಯಾಗಿ ಹೋದಮೇಲೆ ಅವಳೂ ಗಂಡನ ಮನೆಯ ಬಾಗಿಲಿಗೆ ಊದಬೇಕಲ್ಲ, ಅವಳಿಗೂ ಅಭ್ಯಾಸವಾಗಲಿ ಅಂತ. ತಾಯಿ ಮಗಳು ಹೊಗೆಯಲ್ಲಿ ಕೂತು ಕೆಮ್ಮುವುದು ಬೀದಿಯ ಕೊನೆಗೆ ಕೇಳುತ್ತಿತ್ತು. ಕೇಳಿದವರು "ತಯಾರಿ ಜೋರೈತಿ" ಅಂತ ಸಂತೋಷಪಟ್ಟರು. ಭಾವನೂ ಧೈರ್ಯ ಹೇಳಲು ಅಲ್ಲೇ ಕೂತು ಒಂದರ ಹಿಂದೊಂದು ಬೀಡಿ ಸುಡುತ್ತಿದ್ದ. ಅವನು ಕೆಟ್ಟವನಲ್ಲ. ಹೆಂಡತಿಯ ಬಗ್ಗೆ ಚಿಂತೆಯಾದಾಗ ಅವನಿಗೆ ಬೀಡಿ ಜಾಸ್ತಿಯಾಗುತ್ತದೆ.

ಅದೇ ಹೊತ್ತಿಗೆ ಹೊರಗಿನಿಂದ ಒಬ್ಬ ಡಾಕ್ಟರಮ್ಮ ಬಂದು ಶಾಲೆಯಲ್ಲಿ ಎದೆ ಪರೀಕ್ಷೆ ಇಟ್ಟಳು. ಆಕೆಯ ಹತ್ತಿರ ಊದುವ ಮಿಷನ್ ಒಂದಿತ್ತು. ಊರವರು ಒಗೆದ ಬಟ್ಟೆ ಹಾಕಿಕೊಂಡು ಸಾಲುಗಟ್ಟಿ ನಿಂತರು. ಮುದುಕನೊಬ್ಬ ಊದಿ ಮುಗಿಸಿ ಅತ್ತಿತ್ತ ನೋಡಿ, "ಇದು ಯಾರ ಮನಿ ಬಾಗ್ಲವ್ವ? ಏನೂ ತೆರೀಲೇ ಇಲ್ಲ," ಅಂದ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ನಾವೆಲ್ಲ ನಕ್ಕೆವು. ಪಂಪಕ್ಕ ಊದಿದಾಗ ಡಾಕ್ಟರಮ್ಮ ಮಿಷನ್ನಿನ ಅಂಕಿಯನ್ನು ಎರಡೆರಡು ಸಲ ನೋಡಿದಳು.

"ಬೀಡಿ, ಸಿಗರೇಟು ಅಭ್ಯಾಸ ಇದೆಯಾ?"

"ಅಯ್ಯ, ಇಲ್ರೀ."

"ಮನೆಯಲ್ಲಿ ಯಾರಾದರೂ?"

ಪಂಪಕ್ಕ ನನ್ನ ಮುಖ ನೋಡಿದಳು. "ನಮ್ಮನಿಯವರು ಸೇದ್ತಾರ್ರಿ. ಒಳಗ ಕುಂತು."

"ಸೌದೆ ಒಲೆನಾ?"

"ಹೂಂರಿ, ಸಣ್ಣಾಕಿ ಇದ್ದಾಗಿಂದ. ಮದುವಿಗಿಂತ ಮೊದ್ಲು ಭಟ್ಟಿಗೆ ಹೊಟ್ಟು ಹಾಕಾಕೂ ಹೋಗ್ತಿದ್ದೆ."

"ನೀವು ಮಗುವಾಗಿದ್ದಾಗ ಜೋರು ಕಾಯಿಲೆ ಏನಾದರೂ ಬಂದಿತ್ತಾ, ಎದೆಗೆ?"

"ಉಸಿರಿಗೊಮ್ಮೆ ಪಕ್ಕಿ ಎಲುಬು ಹಾರೋದು ಅಂತಾರಲ್ರೀ, ಅದು ಬಂದಿತ್ತಂತ. ಉಳಿಯಂಗಿಲ್ಲ ಅಂತ ನಮ್ಮವ್ವ ಕೈ ಬಿಟ್ಟಿದ್ಲಂತ."

ಡಾಕ್ಟರಮ್ಮ ಮಿಷನ್ನಿನ ಕೊಳವೆ ಕೆಳಗಿಟ್ಟಳು. "ಇಷ್ಟೆಲ್ಲ ಆದಮೇಲೆ ಉಸಿರು ಹೋಗೋಕೆ ಬೀಡಿನೇ ಸೇದಬೇಕು ಅಂತ ಏನಿದೆ? ಇಷ್ಟು ವರ್ಷದ ಹೊಗೆ ಸಾಕು. ನಿಮ್ಮದೇನೂ ತಪ್ಪಿಲ್ಲಮ್ಮ," ಅಂದಳು. ಆ ಮಾತಿಗೆ ಪಂಪಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಯಾರೂ ಅವಳಿಗೆ ಅದನ್ನು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೋದ ಉಸಿರು ಹಿಂದಕ್ಕೆ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬೇಕು, ಮನೆಯಲ್ಲಿ ಹೊಗೆ ನಿಲ್ಲಬಾರದು ಅಂತ ಡಾಕ್ಟರಮ್ಮ ಹೇಳಿ ಬಾಯಲ್ಲಿಟ್ಟು ಎಳೆದುಕೊಳ್ಳುವ ಔಷಧಿ ಕೊಟ್ಟಳು. ಪಂಪಕ್ಕ ಅದನ್ನು ಬಾಯಿಗಿಟ್ಟು ಜೋರಾಗಿ ಊದಿದಳು. "ಊದಬಾರದಮ್ಮ, ಎಳ್ಕೋಬೇಕು," ಅಂದರೆ ಮತ್ತೆ ಊದಿದಳು. ನಮ್ಮೂರಲ್ಲಿ ಕಂಡಿ ಕಂಡರೆ ಊದುವುದೊಂದೇ ಗೊತ್ತು. ಎಳೆದುಕೊಳ್ಳುವುದನ್ನು ಕಲಿಸುವಷ್ಟರಲ್ಲಿ ಆ ಮಹಾತಾಯಿ ಬೆವತುಹೋದಳು.

ಮನೆಗೆ ಬಂದು ನಾನು ಕಿಟಕಿಯ ಮಾತು ಎತ್ತಿದೆ. ಭಾವ ಕೈಯಲ್ಲಿದ್ದ ಬೀಡಿಯನ್ನೂ ಮರೆತು ನನ್ನನ್ನೇ ನೋಡಿದ.

"ಹೂ ಮುಡಿಸೋದು ಮುಂದಿಟ್ಕಂಡು ಬಾಗ್ಲು ಸಾಯಿಸಂತೀಯೇನು? ಬೀಗರಿಗೆ ಏನ್ ತೋರಸಾಣ?"

"ಮತ್ತ ಅಕ್ಕ ಊದಾಕ ಆಗಂಗಿಲ್ಲಲ್ಲ ಭಾವ."

ಇದಕ್ಕೆ ಅತ್ತೆಯ ಹತ್ತಿರ ಉಪಾಯವಿತ್ತು. ಶಾಸ್ತ್ರದ ಹೊತ್ತಿಗೆ ನಾನು ಒಳಗೆ ಕದಕ್ಕೆ ಅಂಟಿಕೊಂಡು ನಿಲ್ಲಬೇಕು. ಹೊರಗೆ ಪಂಪಕ್ಕ ಕಂಡಿಗೆ ಬಾಯಿಟ್ಟು ಊದಿದ ಹಾಗೆ ಮಾಡುತ್ತಾಳೆ, ಒಳಗಿನಿಂದ ನಾನು ಊದಬೇಕು, ಬಾಗಿಲು ತೆರೆದ ಕೂಡಲೇ ಕದದ ಮರೆಗೆ ಸರಿಯಬೇಕು. ಅಭ್ಯಾಸವನ್ನೂ ಮಾಡಿದೆವು. ಪಂಪಕ್ಕ ಕೆನ್ನೆ ಉಬ್ಬಿಸುವುದರಲ್ಲಿ ಎಂಥ ನಾಟಕದವಳು ಅಂದರೆ, ಭಾವ ಕೂಡ ಒಂದು ಗಳಿಗೆ ಇವಳೇ ತೆರೆದಳೇನೋ ಅಂದುಕೊಂಡ. ಎಲ್ಲರಿಗೂ ನಿರಾಳವಾಯಿತು. ಶಶಿಯೂ ನಗುನಗುತ್ತ ಬಳೆ ತರಲು ಹೋದಳು.

ಹೂ ಮುಡಿಸುವ ಹಿಂದಿನ ದಿನ ನಾನು ಹೂವು, ವೀಳ್ಯದೆಲೆ ಹಿಡಿದುಕೊಂಡು ಸಂತೆಯಿಂದ ಬರುತ್ತಿದ್ದೆ. ಬಾಗಿಲ ಹತ್ತಿರ ಬಂದಾಗ ಒಳಗೆ ಕೆಮ್ಮು ಕೇಳಿಸಿತು. ಆಮೇಲೆ ಕಂಡಿಯಲ್ಲಿ ಸುಂಯ್ ಅಂತ ಉಸಿರು. ಬಾಗಿಲು ಅಲುಗಲಿಲ್ಲ. ಪಂಪಕ್ಕ ಇರಬೇಕು ಅಂತ ನಾನು ಊದಲು ಬಗ್ಗಿದೆ. ಅಷ್ಟರಲ್ಲಿ ಮತ್ತೆ ಸುಂಯ್ ಅಂತು, ಬಾಗಿಲು ನಿಧಾನಕ್ಕೆ ಸರಿಯಿತು. ಕಂಡಿಗೆ ಬಾಯಿಟ್ಟವಳು ಪಂಪಕ್ಕ ಅಲ್ಲ, ಶಶಿ. ಕಣ್ಣು ಕೆಂಪಾಗಿ, ಹಣೆಯ ನರ ಉಬ್ಬಿತ್ತು. ಒಂದು ಕೈಯಲ್ಲಿ ತಾಯಿಯನ್ನು ಹಿಡಿದುಕೊಂಡಿದ್ದಳು. ಡಾಕ್ಟರಮ್ಮ ಹೇಳಿದಮೇಲೂ ನಿಲ್ಲದ ಹಸಿ ಸೌದೆಯ ಹೊಗೆ ಅವರ ಹಿಂದೆಯೇ ಬೀದಿಗೆ ಬಂತು. ತಾಯಿ ಮಗಳು ಜಗಲಿಯ ಮೇಲೆ ಕುಸಿದರು.

"ಯಾಕವ್ವ ಶಶಿ, ಎರಡು ಸಲ ಊದಿದಿ?" ಅಂತ ಕೇಳಿದೆ.

"ಈಗೀಗ ಹಂಗ ಚಿಗವ್ವ. ಒಂದೇ ಸಲಕ್ಕ ಬರಂಗಿಲ್ಲ," ಅಂದಳು, ಅದೇನು ದೊಡ್ಡ ವಿಷಯವಲ್ಲ ಅನ್ನುವಂತೆ.

ಪಂಪಕ್ಕ ಮಗಳ ಮುಖವನ್ನೇ ನೋಡುತ್ತಿದ್ದಳು. ಉಸಿರು ಸ್ವಲ್ಪ ತಹಬಂದಿಗೆ ಬಂದಮೇಲೆ ನನ್ನ ಕಡೆ ತಿರುಗಿ, "ಹೇಮಿ, ಹಾರಿ ಎಲ್ಲೈತಿ?" ಅಂದಳು.

ಅಡುಗೆಮನೆಯ ಹಿಂದಿನ ಗೋಡೆ ಮಣ್ಣಿನದು. ಪಂಪಕ್ಕ ಹಾರೆಯನ್ನು ಎಳೆದುಕೊಂಡು ಅದರ ಮುಂದೆ ಹೋಗಿ ನಿಂತಾಗ ಅತ್ತೆ ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತರು.

"ನಾಳೀದೊಂದು ಕಳೀಲಿ ಪಂಪಾ. ಆಮ್ಯಾಕ ಇಡೀ ಮನಿ ಒಡಿ, ಯಾರು ಬ್ಯಾಡಂತಾರ? ಹೆಂಗೂ ಹೇಮಿ ಊದ್ತಾಳಲ್ಲ."

"ನನಗ... ಹೇಮಿ ಊದ್ತಾಳ," ಅಂದಳು ಪಂಪಕ್ಕ. ಮಾತು ಮಾತಿಗೂ ನಿಲ್ಲುತ್ತಿದ್ದಳು. "ಆ ಮನ್ಯಾಗ... ಇಕಿಗೆ ಯಾರು... ಊದ್ತಾರ ಅತ್ತಿ?"

ಅತ್ತೆ ಕೊನೆಯ ಸಲ ತಾವೇ ಬಾಗಿಲು ತೆರೆದದ್ದು ಯಾವಾಗ ಅಂತ ಆಗ ನನಗೆ ಯೋಚನೆ ಬಂತು. ನೆನಪಾಗಲಿಲ್ಲ. ಗುಡಿಗೆ ಹೋಗಲಿ, ನೆರೆಮನೆಗೆ ಹೋಗಲಿ, ಯಾವಾಗಲೂ "ಚಿಲಕದ ಊರಾಕಿ, ಬಾ" ಅಂತ ಯಾರನ್ನಾದರೂ ಜೊತೆಗೆ ಕರೆದುಕೊಂಡೇ ಹೋಗುತ್ತಿದ್ದರು. ಅದನ್ನು ನಾನು ಇಷ್ಟು ವರ್ಷ ದೌಲತ್ತು ಅಂದುಕೊಂಡಿದ್ದೆ. ಅವರು ಗೋಡೆ ಬಿಟ್ಟು ಸರಿದರು.

ಪಂಪಕ್ಕ ಮೂರು ನಾಲ್ಕು ಏಟು ಹಾಕುವಷ್ಟರಲ್ಲಿ ಗೋಡೆ ಹಿಡಿದುಕೊಂಡಳು. ಮುಂದಿನದನ್ನು ನಾನು ಹೊಡೆದೆ, ಆಮೇಲೆ ಶಶಿ. ಮಣ್ಣಿನ ಹೆಂಟೆ ಒಂದು ಆ ಕಡೆಗೆ ಬಿತ್ತು, ಒಲೆಯ ತನಕ ಬಿಸಿಲು ಬಂತು. ಆ ಕ್ಷಣವೇ ಹೊರಬಾಗಿಲು ಯಾರೂ ಊದದೆ, ಯಾರೂ ಮುಟ್ಟದೆ ಹಾರುಹೊಡೆಯಿತು. ಗಾಳಿಗೆ ಅತ್ತಿತ್ತ ಬಡಿದುಕೊಂಡು ಸುಮ್ಮನಾಯಿತು. ಬೀದಿಯ ಬೆಕ್ಕೊಂದು ಬಂದು ಹೊಸಿಲ ಮೇಲೆ ನಿಂತು ನಮ್ಮನ್ನು ನೋಡಿತು. ಹೊಗೆ ಎಳೆ ಎಳೆಯಾಗಿ ಹೊಸ ತೂತಿನ ಕಡೆಗೆ ನಡೆಯಿತು. ನಾವು ನಾಲ್ಕು ಜನವೂ ಅದನ್ನು ನೋಡುತ್ತ ನಿಂತೆವು. ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು.

ಭಾವ ಬಂದವನು ಬಾಗಿಲು ನೋಡಿ, ಗೋಡೆ ನೋಡಿ, ಬಾಯಿಗೆ ಬಂದದ್ದೆಲ್ಲ ಬೈದ. ಶಶಿ ಎರಡು ಸಲ ಊದಿದ್ದನ್ನು ನಾನು ಹೇಳಿದೆ. ಅವನು ಮಗಳ ಕಡೆ ನೋಡಿದ. ಬೀಡಿ ತೆಗೆದು ತುಟಿಗಿಟ್ಟುಕೊಂಡ, ಕಡ್ಡಿ ಗೀರಲು ಹೋಗಿ ತಡೆದುಕೊಂಡ. ಆಮೇಲೆ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತು ಸೇದಿದ. ಸಂಜೆಯ ತನಕ ಒಳಗೆ ಬರಲಿಲ್ಲ.

ಮರುದಿನ ಬೀಗರು ಬಂದರು. ಹಾಲಮ್ಮನವರು ಜರಿ ಸೀರೆ ಉಟ್ಟು ಮುಂದೆ, ಹಿಂದೆ ಹುಡುಗ, ಅವನ ಸೋದರಮಾವ, ತಟ್ಟೆ ಹಿಡಿದ ಹೆಂಗಸರು. ನಮ್ಮ ಬೀದಿ ದಿಬ್ಬದ ಮೇಲಿದೆ, ವಾಹನ ಹತ್ತುವುದಿಲ್ಲ, ಎಲ್ಲರೂ ನಡೆದೇ ಬಂದಿದ್ದರು. ಅಕ್ಕಪಕ್ಕದವರು ಜಗಲಿ ತುಂಬ ನಿಂತು ನೋಡುತ್ತಿದ್ದರು. ಪಂಪಕ್ಕ ಬಾಗಿಲ ಮುಂದೆ ನಿಂತಳು. ಕಂಡಿಗೆ ಬಾಯಿಡಲಿಲ್ಲ. ಅಂಗೈಯಿಂದ ಕದವನ್ನು ನೂಕಿದಳು. ಅದು ಯಾವ ಊರಿನ ಬಾಗಿಲಾದರೂ ತೆರೆಯುವ ಹಾಗೆ ತೆರೆಯಿತು.

"ಬರ್ರಿ," ಅಂದಳು.

ಬೀದಿಯಲ್ಲಿ ಗುಜುಗುಜು ಎದ್ದಿತು. ಸೋದರಮಾವ ಮುಂದೆ ಬಂದ. "ಇದೇನ್ರಿ, ಸತ್ತ ಬಾಗ್ಲು ತೋರಿಸ್ತೀರಿ? ಉಸಿರಿಲ್ಲದ ಮನಿಯಿಂದ ಹೆಣ್ಣು ತರಾಕ ಬಂದೀವೇನು ನಾವು?"

"ಬಾಗ್ಲು ನಾನೇ ಸಾಯಿಸೀನ್ರಿ," ಅಂದಳು ಪಂಪಕ್ಕ. "ನನ್ನ ಉಸಿರು ಹೋತು. ಒಲಿ ಮುಂದ ಹೋತು, ಬ್ಯಾರೆ ಯಾವ ತಪ್ಪಿನಿಂದಾನೂ ಅಲ್ಲ. ನನ್ನ ಮಗಳದು ಈಗ ಹೋಗಾಕತ್ತೈತಿ." ನಿಂತಳು, ಉಸಿರು ತೆಗೆದುಕೊಂಡಳು, ಮತ್ತೆ ಅಂದಳು. "ನಂದೊಂದು ಮಾತು. ನಿಮ್ಮ ಅಡಗಿಮನ್ಯಾಗೂ ಕಿಟಕಿ ಆಗಬೇಕು. ಇಲ್ಲಂದ್ರ ನಾ ಹುಡುಗೀನ ಕೊಡಂಗಿಲ್ಲ."

ಯಾರೋ ನಕ್ಕರು. ಹೆಣ್ಣಿನ ತಾಯಿ, ಅದೂ ಬಾಗಿಲು ತೆರೆಯಲಾಗದವಳು, ಗಂಡಿನ ಮನೆಗೆ ಷರತ್ತು ಹಾಕುವುದು ಅಂದರೆ ನಮ್ಮೂರಲ್ಲಿ ಯಾರೂ ಕೇಳದ ಮಾತು. ಸೋದರಮಾವ ತಟ್ಟೆಗಳನ್ನು ತಿರುಗಿಸಲು ಹೇಳಿ ಇಳಿಜಾರಿನಲ್ಲಿ ಹೊರಟೇಬಿಟ್ಟ. ಹೆಂಗಸರು ಅವನ ಹಿಂದೆ ಹೋದರು. ಹುಡುಗ ಮಾತ್ರ ಒಂದು ಹೆಜ್ಜೆ ಅತ್ತ ಒಂದು ಹೆಜ್ಜೆ ಇತ್ತ ಇಟ್ಟು ಶಶಿಯ ಕಡೆ ನೋಡಿದ. ಶಶಿ ಒಳಗೆ ಹೋಗಿಬಿಟ್ಟಳು. ನಾನು ಕೈಯಲ್ಲಿದ್ದ ಹೂವಿನ ಬುಟ್ಟಿಯನ್ನು ಜಗಲಿಯ ಮೇಲಿಟ್ಟೆ. ಪಂಪಕ್ಕನ ಮೇಲೆ ನನಗೆ ಹೆಮ್ಮೆ ಎನಿಸಿತು, ಹುಡುಗಿಯ ಗತಿ ಏನು ಅಂತ ಅಳುವೂ ಬಂತು.

ಪಂಪಕ್ಕ ಜಗಲಿಯ ಮೇಲೆ ಕೂತಳು. ಅಷ್ಟು ಮಾತು ಆಡಿದ್ದು ಅವಳಿಗೆ ಹೆಚ್ಚಾಗಿತ್ತು. ಎರಡೂ ಕೈ ಮೊಣಕಾಲ ಮೇಲೆ ಊರಿ, ಮುಂದಕ್ಕೆ ಬಾಗಿ, ತುಟಿ ಮುಂದೆ ಮಾಡಿ ನಿಧಾನಕ್ಕೆ ಉಸಿರು ಬಿಡುತ್ತಿದ್ದಳು. ಆಗ ನೋಡಿದೆ, ಹಾಲಮ್ಮನವರು ಹೋಗಿರಲಿಲ್ಲ. ದಿಬ್ಬ ಹತ್ತಿ ಬಂದ ಮೇಲೆ ಅವರು ಬಾಯಿ ತೆರೆದೇ ಇರಲಿಲ್ಲ ಅನ್ನುವುದು ಆಗ ಹೊಳೆಯಿತು. ಅವರೂ ಬಂದು ಪಂಪಕ್ಕನ ಪಕ್ಕದಲ್ಲಿ ಕೂತರು. ಮೊಣಕಾಲ ಮೇಲೆ ಕೈ ಊರಿದರು. ಮುಂದಕ್ಕೆ ಬಾಗಿದರು. ಅದೇ ತುಟಿ, ಅದೇ ಉಸಿರು. ಕೆಳಗಿನಿಂದ ಸೋದರಮಾವ "ಯಕ್ಕಾ, ಬಾ" ಅಂತ ಕೂಗಿದ. ಅವರು ತಲೆ ಎತ್ತದೆ, ತಡಿ ಅನ್ನುವಂತೆ ಕೈ ಮಾಡಿದರು. ಇಬ್ಬರೂ ಹಾಗೇ ಕೂತರು, ಬೀದಿಯೆಲ್ಲ ನೋಡುತ್ತಿದ್ದರೂ.

ಬಹಳ ಹೊತ್ತಾದ ಮೇಲೆ ಹಾಲಮ್ಮನವರು ಪಂಪಕ್ಕನ ಕಡೆ ತಿರುಗಿ, ಮೆಲ್ಲಗೆ, ಬರೀ ಅವಳಿಗೂ ಪಕ್ಕದಲ್ಲಿ ನಿಂತ ನನಗೂ ಕೇಳುವಷ್ಟು ದನಿಯಲ್ಲಿ, "ಎಷ್ಟು ದೊಡ್ಡದು ಹೊಡೀಬೇಕವ್ವಾ?" ಅಂದರು.

ಪಂಪಕ್ಕನಿಗೆ ಮಾತಾಡಲು ಉಸಿರಿರಲಿಲ್ಲ. ಎರಡೂ ಕೈ ಎತ್ತಿ ಇಷ್ಟು ಅಂತ ಅಗಲಿಸಿ ತೋರಿಸಿದಳು. ಹಾಲಮ್ಮನವರ ಮುಖ ನೋಡಿ ಇನ್ನೂ ಸ್ವಲ್ಪ ಅಗಲಿಸಿದಳು.